ಬೆಲೆಯೋ, ಮೌಲ್ಯವೋ?

ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, 1793ರ ಆಗಸ್ಟ್ 25ರಂದು, ವರ್ಸೇಲ್ಸ್ ಅರಮನೆಯ ಪೀಠೋಪಕರಣಗಳ ಹರಾಜು ಆರಂಭವಾಯಿತು. ಸುಮಾರು ಒಂದು ವರ್ಷ ನಡೆದ ಅದರಲ್ಲಿ 17,000ಕ್ಕೂ ಹೆಚ್ಚು ಬಾಬುಗಳು ಮಾರಾಟವಾದವು. ಕುರ್ಚಿ, ಮೇಜುಗಳಿಗೇನೋ ಕೊಳ್ಳುವವರು ಸಿಕ್ಕರು. ಆದರೆ ಅದೇ ಅರಸುಮನೆತನದ ಸಂಗ್ರಹದಲ್ಲಿದ್ದ, ರಫಾಯೆಲನ ವಿನ್ಯಾಸದಂತೆ ಪ್ರೇಷಿತರ ಕಾರ್ಯಗಳನ್ನು ಚಿತ್ರಿಸಿ ನೇಯ್ದ ಗೋಡೆವಸ್ತ್ರಗಳನ್ನು 1797ರಲ್ಲಿ ಸುಟ್ಟುಹಾಕಿದರು. ಜರಿಯ ಚಿನ್ನ ಬೆಳ್ಳಿಗಾಗಿ!

ಲೋಹದ ತೂಕ ಲೆಕ್ಕಕ್ಕೆ ಸಿಕ್ಕಿತು. ನೇಕಾರರ ವರ್ಷಗಳ ದುಡಿಮೆ ಸಿಗಲಿಲ್ಲ. ಹರಾಜಿನ ಕೂಗು ತಿಳಿಸುವುದು ಕೊಳ್ಳುವವನ ಆಸೆಯನ್ನೇ ಹೊರತು ವಸ್ತುವಿನ ಘನತೆಯನ್ನಲ್ಲ.

ನಮ್ಮ ಮನೆಯ ಹಿರಿಯರನ್ನು ನಾವು ಯಾವುದರಿಂದ ಅಳೆಯುತ್ತಿದ್ದೇವೆ? ಅವರ ಪಿಂಚಣಿ, ಆಸ್ತಿಪತ್ರಗಳಷ್ಟೇ ಕಣ್ಣಿಗೆ ಬೀಳುತ್ತಿದ್ದರೆ, ನಾವೂ ಬಟ್ಟೆ ಸುಟ್ಟು ಜರಿ ಹೆಕ್ಕುವವರೇ ಅಲ್ಲವೇ?