ಭಾವನ ಮನೆಯವರ ಪಾಲು



ಇವತ್ತು ಬಿಳಿಗಿರಿರಂಗನ ಬೆಟ್ಟಕ್ಕೆ ಬಂದ ಹೆಣ್ಣುಮಕ್ಕಳಲ್ಲಿ ಅನೇಕರು ಸರ್ಕಾರಿ ಬಸ್ಸಿನಲ್ಲಿ ಕಾಸು ಕೊಡದೆ ಬಂದಿದ್ದೀರಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ‘ಬಿಟ್ಟಿ ಬಸ್ಸು’ ಎಂದು ಯಾರಾದರೂ ಹಂಗಿಸಿದರೆ ತಲೆ ತಗ್ಗಿಸಬೇಡಿ.

ಮನೆಯೊಡತಿಗೆ ಬರುವ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಯಾವ ಮಂತ್ರಿಯ ಮನೆಯ ಗಂಟೂ ಅಲ್ಲ. ಸೀರೆ ಕೊಂಡಾಗ, ಸೋಪು ಕೊಂಡಾಗ ನೀವೂ ತೆರಿಗೆ ಕಟ್ಟಿದ್ದೀರಿ. 2025–26ರ ಬಜೆಟ್‌ನಲ್ಲಿ ಶಕ್ತಿ, ಗೃಹಲಕ್ಷ್ಮಿ ಸೇರಿದ ಐದು ಗ್ಯಾರಂಟಿಗಳಿಗೆ ಸುಮಾರು 51,000 ಕೋಟಿ ಇಟ್ಟರು. ಅದೇ ವರ್ಷ ಅಬಕಾರಿಯಿಂದ 40,000 ಕೋಟಿ ಬರಬೇಕೆಂದು ಗುರಿ ಹಾಕಿಕೊಂಡರು. ಕೂಲಿಯವನು ಸಂಜೆ ಬ್ರಾಂದಿ ಅಂಗಡಿಯಲ್ಲಿ ಕಳೆದು ಬಂದ ದುಡ್ಡೇ ಸುತ್ತಿ ಬಳಸಿ ಅವನ ಹೆಂಡತಿಯ ಖಾತೆಗೆ ಬರುತ್ತಿದೆ. ಈ ಲೆಕ್ಕ ನೆನೆದರೆ ನನಗೆ ಸಂಕಟವಾಗುತ್ತದೆ. ಬಡವರ ಮನೆಯಿಂದ ಎತ್ತಿ ಬಡವರ ಮನೆಗೇ ಕೊಟ್ಟರೆ ಅದು ಎಂಥ ಹಂಚಿಕೆ? ಉಳ್ಳವರಿಂದ ಹೆಚ್ಚು ಬರಬೇಕು. ಆದಾಯ ತೆರಿಗೆ ಹಾಕುವುದು ಕೇಂದ್ರ. ರಾಜ್ಯ ತಾನಾಗಿ ಎತ್ತುವುದರಲ್ಲಿ ಬಹುಪಾಲು ಸರಕಿನ ಮೇಲಿನ ತೆರಿಗೆ ಮತ್ತು ಮದ್ಯದ ಹಣ. ದೆಹಲಿಯಿಂದ ರಾಜ್ಯಕ್ಕೆ ಎಷ್ಟು ಬರಬೇಕೆಂಬ ಜಗಳ ಕೊನೆಗೆ ನಿಮ್ಮ ಅಡುಗೆಮನೆಯ ಜಗಳವೇ.

ಈ ಬೆಟ್ಟದಲ್ಲಿ ನಿಂತು ಈ ಕಾಡಿನ ಮಕ್ಕಳಾದ ಸೋಲಿಗರನ್ನು ಬಿಟ್ಟು ಮಾತಾಡಲಾಗದು. ಸೋಲಿಗರ ಹುಡುಗಿ ಕುಸುಮಾಲೆಯ ಕೈಹಿಡಿದ ರಂಗನಾಥ ಅವರಿಗೆ ಭಾವ. ಭಾವನ ಮನೆಯವರ ಗತಿ ಏನಾಯಿತು? 1974ರಲ್ಲಿ ಕಾಡು ಅಭಯಾರಣ್ಯವಾಯಿತು. ಒಳಗಿನ ಪೋಡುಗಳಿಂದ, ಅಂದರೆ ಅವರ ಹಾಡಿಗಳಿಂದ, ಅವರನ್ನು ಎಬ್ಬಿಸಿದರು, ಬೇಸಾಯ ನಿಂತಿತು. 2006ರ ಹೊತ್ತಿಗೆ ಜೇನು, ನೆಲ್ಲಿಕಾಯಿ, ಪಾಚಿ ತಂದು ಗಿರಿಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಗೆ ಮಾರುವುದಕ್ಕೂ ತಡೆ ಬಿತ್ತು. ಜೇನು ಇಳಿಸುವ ಸೋಲಿಗ ಹುಳಕ್ಕೆಂದು ಒಂದಿಷ್ಟು ತಟ್ಟಿ ಬಿಟ್ಟೇ ಮರ ಇಳಿಯುತ್ತಾನೆ. ಅಂಥವನಿಂದ ಕಾಡಿಗೆ ಕೇಡು ಎಂದರು! 2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು. ಸರ್ಕಾರ ಪೋಡುಗಳಿಗೆ ಕೊಡುವ ಬೇಳೆ, ಮೊಟ್ಟೆ ಬರಲಿ, ತಪ್ಪದೆ ಬರಲಿ. ಆದರೆ ಕಿತ್ತುಕೊಂಡದ್ದನ್ನು ಹಿಂದಿರುಗಿಸಿದ ಆ ಕಾಗದದ ತೂಕ ಯಾವ ಮೂಟೆಗೂ ಬಾರದು.

ಇನ್ನೊಂದು ಮಾತು, ಕೆಲವರಿಗೆ ಹಿಡಿಸದು. 2013ರಲ್ಲಿ ರಾಜ್ಯವೇ ಕಾನೂನು ಮಾಡಿ ಪರಿಶಿಷ್ಟ ಜಾತಿಗಳಿಗೂ ಸೋಲಿಗರಂಥ ಪರಿಶಿಷ್ಟ ಪಂಗಡಗಳಿಗೂ ಅವರ ಜನಸಂಖ್ಯೆಗೆ ತಕ್ಕ ಹಣ ಎತ್ತಿಟ್ಟಿತು. ಅದರಲ್ಲಿ ಸಾವಿರಾರು ಕೋಟಿಯನ್ನು ಗ್ಯಾರಂಟಿಗಳಿಗೆ ಹೊಂದಿಸಿದ್ದಾರೆ. ಆ ಸಮುದಾಯಗಳ ಫಲಾನುಭವಿಗಳಿಗೇ ಅದು ಹೋಗುತ್ತದೆ ಎಂಬುದು ಸರ್ಕಾರದ ಸಮಜಾಯಿಷಿ. ನಾನು ಒಪ್ಪುವುದಿಲ್ಲ. ಊರಿಗೆಲ್ಲ ಸಿಗುವುದು ಪೋಡಿಗೂ ಸಿಗಬೇಕು. ಪೋಡಿಗೆಂದು ಎತ್ತಿಟ್ಟದ್ದು ಅದರ ಮೇಲೆ ಸಿಗಬೇಕು. ಗ್ಯಾರಂಟಿ ಬೇಕು ಎನ್ನುವವನೇ ಇದನ್ನೂ ಹೇಳುತ್ತಿದ್ದೇನೆ. ನಿಮ್ಮ ಶಾಸಕರು ಓಟಿಗೆ ಬಂದಾಗ ನೀವೂ ಕೇಳಿ.

ಇಷ್ಟಾಗಿಯೂ ಎಷ್ಟೋ ಅಜ್ಜಿಯರಿಗೆ ಗೃಹಲಕ್ಷ್ಮಿಯ ಹಣ ಕೈ ಸೇರುವುದಿಲ್ಲ. ದುಡಿದು ಸವೆದ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ ಒರೆಸಿ ಬೆರಳಚ್ಚಿನ ಪುಟ್ಟ ಯಂತ್ರದ ಮೇಲೆ ಒತ್ತುತ್ತಾರೆ. ಗೆರೆ ಕೂಡುವುದಿಲ್ಲ. ‘ನಾಳೆ ಬಾರಮ್ಮ’ ಎನ್ನುತ್ತಾರೆ. ನಾಳೆಯ ಕೂಲಿಯೂ ಹೋಯಿತು. ಇಲ್ಲಿ ಓದು ಬಲ್ಲ ಹುಡುಗ ಹುಡುಗಿಯರಿದ್ದೀರಿ. ನಿಮ್ಮ ಬೀದಿಯಲ್ಲಿ ಅಂಥ ಅಜ್ಜಿ ಇದ್ದರೆ ಸೋಮವಾರ ಗ್ರಾಮ ಒನ್ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಆಧಾರ್ ಜೋಡಣೆ ಆಗಿದೆಯೇ ನೋಡಿಸಿ, ಯಾವ ಯಾವ ತಿಂಗಳ ಹಣ ಬಾಕಿ ಎಂದು ಬರೆಸಿಕೊಂಡು, ಕೆಲಸ ಆಗುವವರೆಗೂ ಅವರ ಪಕ್ಕದಲ್ಲೇ ನಿಲ್ಲಿ.