ಮರಿಗಳನ್ನು ಹೊರಗೂಡಿಗೆ ಬಿಡುವದು ಯಾವಾಗ?

ಹಿರೀಸಾವೆಯ ಸಮೀಪದ ಒಂದು ಹಳ್ಳಿಯಲ್ಲಿ ಬಡ ವಿಧವೆಯೊಬ್ಬಳು ಹತ್ತು ಗಿರಿರಾಜ ಮರಿಗಳನ್ನು ಕೊಂಡುತಂದು, ಅಡಿಗೆಮನೆಯ ಮೂಲೆಯಲ್ಲಿ ದೊಡ್ಡ ಮಂಕರಿಯ ಕೆಳಗೆ ಸಾಕುತ್ತಿದ್ದಳು. ಏಳನೆಯ ವಾರದಲ್ಲಿ ನಾನು ಆ ಮನೆಗೆ ಹೋಗಿದ್ದಾಗ ಆಕೆಯು, "ಅಯ್ಯಾ, ಒಳಗೇ ಇಟ್ಟುಕೊಂಡರೆ ಒಂದನ್ನೊಂದು ಕುಕ್ಕಿ ಸಾಯುತ್ತವೆ; ಹೊರಗೆ ಬಿಟ್ಟರೆ ಮುಂಗುಸಿಯ ಪಾಲಾಗುತ್ತವೆ. ಇದರಲ್ಲಿ ಯಾವ ಸಾವು ನನ್ನ ತಲೆಯ ಮೇಲೆ ಬರುವದು?" ಎಂದು ಕೇಳಿದಳು.

ಪ್ರಿಯ ವಾಚಕರೇ, ಇದು ಕೋಳಿಯ ಮಾತೆಂದು ನಗಬೇಡಿರಿ. ಆ ಮರಿಗಳೇ ಆಕೆಯ ಗಂಟು. ಅದಲ್ಲದೆ, ನಮ್ಮ ಕೈಯಿಂದ ಆಗುವ ಹಾನಿಯೂ ನಾವು ತಡೆಯದೆ ಹೋದ ಹಾನಿಯೂ ಒಂದೇ ತೂಕದವುಗಳೋ ಎಂಬ ಪ್ರಶ್ನೆಗೆ ಪಂಡಿತರೂ ತಟ್ಟನೆ ಉತ್ತರ ಹೇಳಲಾರರು. ನಾನೂ ಹೇಳಲಿಲ್ಲ; ಆಕೆ ಕೊಟ್ಟ ಮಜ್ಜಿಗೆಯನ್ನು ಕುಡಿದು ಮಂಕರಿಯನ್ನೆತ್ತಿ ನೋಡಿದೆನು. ಹಿಕ್ಕೆಯ ಘಾಟಿಗೆ ಕಣ್ಣು ಉರಿಯಿತು. ಎರಡು ಮರಿಗಳ ಬಾಲದ ಬುಡವು ರಕ್ತವಾಗಿತ್ತು.

ನಾಟಿ ಹೇಂಟೆಯು ಮಾಡುವದನ್ನು ಆಲೋಚಿಸಿರಿ. ಮರಿಗಳು ಮೊಟ್ಟೆಯೊಡೆದು ಬಂದ ಕೆಲವೇ ದಿನಗಳಲ್ಲಿ ಅದು ಅವುಗಳನ್ನು ತಿಪ್ಪೆಯ ಬಳಿಗೆ ಕರೆದೊಯ್ಯುವದು. ಹೊರಗೆ ಹೋದದ್ದರಿಂದ ಮರಿಗಳಿಗೆ ಬಿಸಿ ತಪ್ಪುವದಿಲ್ಲ, ಯಾಕಂದರೆ ತಾಯಿಯು ಆ ಬಿಸಿಯನ್ನು ತನ್ನ ಮೈಯಲ್ಲಿಯೇ ಹೊತ್ತುಕೊಂಡು ತಿರುಗುತ್ತದೆ. ಮರಿಗಳನ್ನು ರೆಕ್ಕೆಯಡಿ ಕೂಡಿಸಿಕೊಳ್ಳುವ ಕೋಳಿಯ ಸಾಮ್ಯವನ್ನು ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯದಲ್ಲಿ ಓದಿದ್ದೇವೆ. ಆದರೆ ಅದೇ ಕೋಳಿಯು ಸುಮಾರು ಎರಡು ತಿಂಗಳಾದ ಮೇಲೆ ಅದೇ ಮರಿಗಳನ್ನು ಕುಕ್ಕಿ ಓಡಿಸುವದನ್ನು ಅಂಗಳದಲ್ಲಿ ದಿನವೂ ಕಂಡರೂ ಅದನ್ನು ಕುರಿತು ಆಲೋಚಿಸುವದು ಕಡಿಮೆ. ಕೂಡಿಸಿಕೊಂಡದ್ದು ಪ್ರೀತಿ, ಓಡಿಸಿದ್ದು ಕ್ರೂರತೆ ಎನ್ನೋಣವೋ?

ಗಿರಿರಾಜದ ಮರಿಗೆ ಈ ತಾಯಿಯಿಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಲಲ್ಲಿ ಸಾಕುವವರಿಗೋಸ್ಕರ 1989ರಲ್ಲಿ ಹೊರತಂದ ಈ ತಳಿಯ ಮರಿಗಳು ಯಂತ್ರದ ಕಾವಿನಲ್ಲಿ ಹುಟ್ಟುತ್ತವೆ. ಆದಕಾರಣ ಕೊಂಡವರೇ ಹೇಂಟೆಯಾಗಬೇಕು. ಮೊದಲನೆಯ ವಾರ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯನ್ನು ದೀಪದಿಂದ ಕೊಟ್ಟು, ವಾರಕ್ಕೆ 5 ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಮರಿಗಳು ದೀಪದಡಿ ಗುಂಪುಗೂಡಿ ಕೂಗಿದರೆ ಚಳಿ. ದೂರ ಸರಿದು ಬಾಯ್ತೆರೆದು ಏದಿದರೆ ಸೆಕೆ. ತುಪ್ಪುಳು ಹೋಗಿ ಮೈತುಂಬ ಗರಿ ಬರುವ ತನಕ, ಅಂದರೆ ಐದಾರು ವಾರ, ಅವು ಮಾಗಿಯ ಚಳಿಯನ್ನೂ ತೇವವನ್ನೂ ತಾಳಲಾರವು.

ಹಿಂದೊಮ್ಮೆ ನಾನು ಮೂರು ವಾರದ ಮರಿಗಳನ್ನು ಹೊರಗೂಡಿಗೆ ಹಾಕಿದೆನು. ರಾತ್ರಿ ಮಳೆ ಬಂತು. ಬೆಳಿಗ್ಗೆ ನೋಡಲಾಗಿ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಆರು ಸತ್ತಿದ್ದವು. ಅವು ಗಟ್ಟಿಯಾಗಲೆಂದು ಹೊರಗಿಟ್ಟೆನೆಂದು ನೆರೆಯವರಿಗೆ ಹೇಳಿಕೊಂಡೆನು, ಅದು ಸುಳ್ಳು. ಮನೆ ನಾರುತ್ತಿತ್ತು, ನನಗೆ ಬೇಸರವಾಗಿತ್ತು, ಅಷ್ಟೇ. ಈ ತಾಯಿಯಾದರೋ ಭಯದಿಂದ ಒಳಗಿಟ್ಟಿದ್ದಳು. ನನ್ನದು ಕಠಿಣ ಮನಸ್ಸು, ಆಕೆಯದು ಮೃದು ಮನಸ್ಸು ಎಂದು ತೋರಬಹುದು. ಆದರೆ ನಾವಿಬ್ಬರೂ ಮರಿಯ ಗರಿಯನ್ನು ನೋಡದೆ ನಮ್ಮ ನೆಮ್ಮದಿಯನ್ನೇ ನೋಡಿಕೊಂಡೆವು.

ಹೀಗಿರಲಾಗಿ ಆಕೆಗೆ, "ಅಮ್ಮಾ, ಮುಂಗುಸಿಯು ಹಿಡಿಯುವದು ಮುಂಗುಸಿಯ ಗುಣ, ಅದಕ್ಕೆ ನಾವು ಉತ್ತರ ಕೊಡಬೇಕಾಗಿಲ್ಲ. ಬಾಗಿಲು ಭದ್ರಮಾಡದೆ ಬಿಟ್ಟದ್ದಕ್ಕೆ ಕೊಡಬೇಕು. ಗರಿ ಬಂದ ಮೇಲೂ ಮಂಕರಿಯೊಳಗೆ ಇಟ್ಟದ್ದಕ್ಕೂ ಕೊಡಬೇಕು," ಎಂದೆನು. ಆಕೆ ತಲೆಯಾಡಿಸಿದಳು, ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಗಾಯವಾದ ಎರಡನ್ನು ಬೇರೆಯಿಟ್ಟು ಅರಿಸಿನ ಹಚ್ಚಿದೆವು. ಒಂದು ವಾರ ಪರ್ಯಂತ ಮರಿಗಳನ್ನು ಹಗಲು ಬಿಸಿಲಿಗೆ ಬಿಟ್ಟು ಸಂಜೆ ಒಳಕ್ಕೆ ತಂದಳು. ಅಷ್ಟರೊಳಗೆ ತೆಂಗಿನ ಮರಗಳ ನಡುವೆ ಸಣ್ಣ ಕಣ್ಣಿನ ತಂತಿಬಲೆಯ ಗೂಡು ಎದ್ದಿತು. ನೆಲಕ್ಕೆ ಒಣ ಹೊಟ್ಟು ಹಾಸಿದೆವು, ಯಾಕಂದರೆ ತೇವವಿದ್ದಲ್ಲಿ ರಕ್ತಭೇದಿ ಬರುವದು. ಗೂಡೇ ಮನೆಯೆಂದು ಗುರುತಾಗಲೆಂದು ಮೊದಲ ಕೆಲವು ದಿನ ಅವುಗಳನ್ನು ಅದರೊಳಗೇ ಮುಚ್ಚಿಟ್ಟೆವು. ಕೊಕ್ಕರೆ ರೋಗದ ಲಸಿಕೆಯನ್ನು ಪಶು ಆಸ್ಪತ್ರೆಯಲ್ಲಿ ಹಾಕಿಸಿದ್ದಳು.

ಮೂರನೆಯ ದಿನ ಬೆಳಗು ಹರಿಯುವಾಗ ಮುಂಗುಸಿಯು ಬಾಗಿಲ ಕೆಳಗಿನ ಸಂದಿನಿಂದ ನುಗ್ಗಿ ಒಂದನ್ನು ಕೊಂದಿತು. ಆ ಬಾಗಿಲನ್ನು ಕಟ್ಟಿದವನು ನಾನು. ಸಂದನ್ನು ನೋಡಿಯೂ ಇದ್ದೆನು. ನಾಳೆ ಮುಚ್ಚಿದರಾಯಿತೆಂದು ಬಿಟ್ಟಿದ್ದೆನು. ಇದನ್ನು ಆಕೆಯ ಮುಂದೆ ಒಪ್ಪಿಕೊಂಡು ಸತ್ತದ್ದರ ಬೆಲೆಯನ್ನು ಕೊಟ್ಟೆನು. ಆಕೆ ಎಣಿಸಿ ಸೆರಗಿಗೆ ಕಟ್ಟಿಕೊಂಡಳು. ಉಳಿದ ಒಂಬತ್ತನ್ನು ಒಳಕ್ಕೆ ತರೋಣವೋ ಎಂದು ಕೇಳಿದೆನು. ಆಕೆಯು ಸ್ವಲ್ಪ ಹೊತ್ತು ಗೂಡಿನ ಕಡೆಗೆ ನೋಡುತ್ತಾ ನಿಂತು, "ಬೇಡ ಅಯ್ಯಾ. ಆ ಚಪ್ಪಡಿಯ ಒಂದು ಕಡೆ ಹಿಡಿಯಿರಿ," ಎಂದಳು.