ಅವ್ವನ ಫೋನಿನ ಅರ್ಧ ನನ್ನ ತಲೆಯಲ್ಲಿದೆ

ಆಂಡ್ರಾಯ್ಡ್ ಬಿಟ್ಟು ಐಫೋನಿಗೆ ಹೋಗಬೇಕಾ, ಬೇಡವಾ? ಇದೂ ಒಂದು ನೈತಿಕ ಪ್ರಶ್ನೆಯಾ ಅಂತ ನೀವು ನಗಬಹುದು. ನಗ್ರಿ, ಅಡ್ಡಿಯಿಲ್ಲ. ಮೂರು ತಿಂಗಳಿನಿಂದ ಇದನ್ನು ತಲೆಯಲ್ಲಿ ಹೊತ್ತುಕೊಂಡು ತಿರುಗುತ್ತಿದ್ದೇನೆ. ಕ್ಯಾಮೆರಾ, ಬ್ಯಾಟರಿ, ಇಎಂಐ, ಇವುಗಳ ಲೆಕ್ಕ ಒಂದೇ ಸಂಜೆಗೆ ಮುಗಿಯಿತು. ಮುಗಿಯದೆ ಉಳಿದ ಪ್ರಶ್ನೆ ಬೇರೆ: ನಾನು ಫೋನ್ ಬದಲಾಯಿಸಿದರೆ ಅದರ ಖರ್ಚು ಯಾರ ಮೇಲೆ ಬೀಳುತ್ತದೆ?

ಮೊದಲು ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿಬರುವ ವಾದಗಳನ್ನು ಮುಗಿಸಿಬಿಡೋಣ. ಗೂಗಲ್ ಬದುಕುವುದು ಜಾಹೀರಾತಿನಿಂದ, ಅಂದರೆ ನಮ್ಮ ಮಾಹಿತಿಯಿಂದ. ಆಪಲ್ ಬದುಕುವುದು ಫೋನ್ ಮಾರಿ. ಹಾಗಾಗಿ ಐಫೋನ್ ತಗೊಳ್ಳುವುದೇ ಶುದ್ಧ ಆಯ್ಕೆ ಅನ್ನುತ್ತಾರೆ ಗೆಳೆಯರು. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅಮೆರಿಕದಲ್ಲಿ ಗೂಗಲ್ ವಿರುದ್ಧ ನಡೆದ ಮೊಕದ್ದಮೆಯಲ್ಲಿ ಒಂದು ಲೆಕ್ಕ ಹೊರಬಿತ್ತು. ಸಫಾರಿ ಬ್ರೌಸರಿನಲ್ಲಿ ತನ್ನ ಹುಡುಕಾಟವೇ ಮೊದಲಿಗೆ ಇರಲಿ ಅಂತ ಗೂಗಲ್ 2022ರಲ್ಲಿ ಆಪಲ್‌ಗೆ ಕೊಟ್ಟ ಹಣ 2,000 ಕೋಟಿ ಡಾಲರ್. ಅಂದರೆ ಎದುರಾಳಿಗಳು ಅಂತ ನಾವು ತಿಳಿದವರು ಹಿಂದಿನ ಬಾಗಿಲಿನಲ್ಲಿ ಪಾಲುದಾರರು.

ಹಾಗಾದರೆ ಆಂಡ್ರಾಯ್ಡ್ ಬಡವರ ಪರ, ಮುಕ್ತ ವ್ಯವಸ್ಥೆ ಅಂತ ಎದೆ ತಟ್ಟಿಕೊಳ್ಳೋಣವೇ? ಅದೇ 2022ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ, ಆಂಡ್ರಾಯ್ಡ್ ಮೇಲಿನ ಹಿಡಿತವನ್ನು ದುರುಪಯೋಗ ಮಾಡಿಕೊಂಡದ್ದಕ್ಕೆ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಇನ್ನು ಐಫೋನ್ ಈಗ ನಮ್ಮ ರಾಜ್ಯದಲ್ಲೇ ತಯಾರಾಗುತ್ತದೆ ಅನ್ನುವ ಹೆಮ್ಮೆ. ಕೋಲಾರದ ನರಸಾಪುರದಲ್ಲಿ ತಯಾರಾಗುವುದು ನಿಜ. ಅದೇ ಘಟಕದಲ್ಲಿ 2020ರ ಡಿಸೆಂಬರ್ 12ರಂದು ಸಂಬಳದ ವಿಷಯಕ್ಕೆ ಕಾರ್ಮಿಕರು ಸಿಟ್ಟಿಗೆದ್ದು ಗಲಾಟೆಯಾದದ್ದೂ, ಆಗ ಅದನ್ನು ನಡೆಸುತ್ತಿದ್ದ ವಿಸ್ಟ್ರಾನ್ ಕಂಪನಿಗೆ ಆಪಲ್ ಹೊಸ ಕೆಲಸ ಕೊಡುವುದನ್ನು ತಡೆಹಿಡಿದದ್ದೂ ನಿಜ.

ಕನ್ನಡದ ಅಭಿಮಾನದ ಮೇಲೆ ತೀರ್ಮಾನಿಸೋಣ ಅಂದರೆ ಅಲ್ಲೂ ಇದೇ ಕಥೆ. ಆಂಡ್ರಾಯ್ಡ್‌ನಲ್ಲಿ ಕನ್ನಡಕ್ಕೆ ಬೆಂಬಲ ಬಂದದ್ದು 2012ರ 4.1 ಆವೃತ್ತಿಯಲ್ಲಿ. ಐಫೋನಿನಲ್ಲಿ ಆಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ, ಐಓಎಸ್ 11ರ ಜೊತೆಗೆ. ಮರುವರ್ಷ ಫೆಬ್ರವರಿಯಲ್ಲಿ ತೆಲುಗಿನ ಒಂದು ಅಕ್ಷರ ಮೆಸೇಜಿನಲ್ಲಿ ಬಂದರೆ ಸಾಕು, ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ಆ ಅಕ್ಷರ ಯಾವುದು ಗೊತ್ತಾ? 'ಜ್ಞಾ'. ಜ್ಞಾನದ ಜ್ಞಾ! ಕೆಲವೇ ದಿನದಲ್ಲಿ ಸರಿ ಮಾಡಿದರು ಬಿಡ್ರಿ. ಆದರೆ ನಮ್ಮ ಭಾಷೆಗಳು ಇವರ ಯೋಚನೆಯಲ್ಲಿ ಎಷ್ಟನೇ ಸಾಲಿನಲ್ಲಿ ಕೂತಿವೆ ಅನ್ನುವುದು ತಿಳಿಯಿತು. ಯಾರೂ ಪ್ರೀತಿಯಿಂದ ಕನ್ನಡ ಕೊಟ್ಟಿಲ್ಲ. ಮಾರುಕಟ್ಟೆ ಕಂಡಾಗ ಕೊಟ್ಟಿದ್ದಾರೆ.

ಹೀಗಾಗಿ ಯಾವ ಕಂಪನಿ ಒಳ್ಳೆಯದು ಅನ್ನುವ ದಾರಿಯಲ್ಲಿ ಹೋದರೆ ಉತ್ತರ ಸಿಗುವುದಿಲ್ಲ. ಯಾವ ಫೋನ್ ಕೊಂಡರೂ ಅದರ ಜೊತೆ ಪುಣ್ಯ ಬರುವುದಿಲ್ಲ. ನೈತಿಕ ಪ್ರಶ್ನೆ ಇರುವುದು ಕಂಪನಿಯ ಕಡೆಯಲ್ಲ, ಮನೆಯ ಕಡೆ.

ನಮ್ಮ ಮನೆ ಬೀದರಿನ ಮೈಲೂರದಲ್ಲಿ. ಕೆಲಸ ಬೆಂಗಳೂರಿನಲ್ಲಿ, ಸುಮಾರು ಏಳುನೂರು ಕಿಲೋಮೀಟರ್ ದೂರ. ಅಪ್ಪ ಹೋದ ಮೇಲೆ ಅವ್ವ ಒಬ್ಬಳೇ ಇರುತ್ತಾಳೆ. ಅವಳದೂ ನನ್ನದೂ ಒಂದೇ ಕಂಪನಿಯ, ಒಂದೇ ಮಾಡೆಲ್ಲಿನ ಫೋನು. ಗಾಂಧಿ ಗಂಜ್ ಕಡೆಗೆ ಹೋದಾಗ ಒಂದೇ ದಿನ ಎರಡೂ ತಗೊಂಡಿದ್ದು. ವಾರಕ್ಕೆ ಎರಡು ಸಲವಾದರೂ ಕರೆ ಬರುತ್ತದೆ.

"ತಮ್ಮಾ, ಬ್ಯಾಂಕಿಂದ ಅಂತ ಏನೋ ಬಂದದ. ಎಲ್ಲಿ ಒತ್ತಬೇಕು?"

"ಎಲ್ಲೀ ಒತ್ತಬ್ಯಾಡ ಅವ್ವಾ. ಕೆಳಗ ಎಡಗಡಿ ಮೂರು ಗೆರಿ ಕಾಣ್ತಾವಲ್ಲ, ಅದು ಒತ್ತು. ಬಂತಾ? ಈಗ ಮ್ಯಾಲಕ್ಕ ದೂಡು."

ಇಷ್ಟೇ. ಇಪ್ಪತ್ತು ಸೆಕೆಂಡಿನ ಕೆಲಸ. ನನಗೆ ಅವಳ ಪರದೆ ಕಾಣುವುದಿಲ್ಲ, ಆದರೂ ಕಾಣುತ್ತದೆ. ಯಾಕೆಂದರೆ ಅದೇ ಪರದೆ ನನ್ನ ಕೈಯಲ್ಲೂ ಇದೆ.

1998ರಲ್ಲಿ ಆಂಡಿ ಕ್ಲಾರ್ಕ್ ಮತ್ತು ಡೇವಿಡ್ ಚಾಮರ್ಸ್ ಎಂಬ ಇಬ್ಬರು ತತ್ವಶಾಸ್ತ್ರಜ್ಞರು ಒಂದು ಪ್ರಸಿದ್ಧ ಪ್ರಬಂಧ ಬರೆದರು. ಅದರಲ್ಲಿ ಆಟೋ ಎಂಬ ಕಾಲ್ಪನಿಕ ವ್ಯಕ್ತಿಗೆ ಮರೆವಿನ ಕಾಯಿಲೆ. ಅವನು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಅದನ್ನು ನೋಡಿಯೇ ಓಡಾಡುತ್ತಾನೆ. ಹಾಗಾದರೆ ಆ ನೋಟ್‌ಬುಕ್ ಅವನ ಮನಸ್ಸಿನದೇ ಒಂದು ಭಾಗ, ಮನಸ್ಸು ತಲೆಬುರುಡೆಗೆ ಮುಗಿಯಬೇಕಿಲ್ಲ ಅನ್ನುವುದು ಅವರ ವಾದ. ಈ ವಾದ ಓದಿದವರೆಲ್ಲ ನೋಟ್‌ಬುಕ್ಕಿನ ಜಾಗದಲ್ಲಿ ಸ್ಮಾರ್ಟ್‌ಫೋನ್ ಇಟ್ಟು ನೋಡುತ್ತಾರೆ. ನನಗೆ ಕಾಣುವುದು ಇನ್ನೊಂದು ಮಾತು. ನಮ್ಮಂಥ ಮನೆಗಳಲ್ಲಿ ಆ ನೋಟ್‌ಬುಕ್ ಒಬ್ಬರದಲ್ಲ. ಅವ್ವನ ಫೋನಿನ ಅರ್ಧ ಅವಳ ಕೈಯಲ್ಲಿದೆ, ಇನ್ನರ್ಧ ನನ್ನ ತಲೆಯಲ್ಲಿದೆ. ನಾನು ಪ್ಲಾಟ್‌ಫಾರ್ಮ್ ಬದಲಾಯಿಸಿದರೆ ಆರೇ ತಿಂಗಳಲ್ಲಿ ನನ್ನ ಬೆರಳು ಹಳೆಯದನ್ನು ಮರೆಯುತ್ತದೆ. ಹೊಸ ಫೋನ್ ನನಗೆ ಬರುತ್ತದೆ, ಫೋನಿನ ಅರ್ಧ ಹೋಗುವುದು ಅವಳದು.

"ಸ್ಕ್ರೀನ್ ಶೇರ್ ಮಾಡಿಸ್ಕೋ ಮಾರಾಯ" ಅಂದ ಒಬ್ಬ ಗೆಳೆಯ. ವಾಟ್ಸ್ಯಾಪ್‌ನಲ್ಲಿ 2023ರಿಂದ ಆ ಸೌಲಭ್ಯ ಇದೆ, ನಿಜ. ಆದರೆ ಅವ್ವನಿಗೆ ನಾನು ಕಲಿಸಿದ ಮೊದಲ ನಿಯಮವೇ 'ಯಾರು ಹೇಳಿದರೂ ಪರದೆ ತೋರಿಸಬ್ಯಾಡ' ಅನ್ನುವುದು. 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿ ದುಡ್ಡು ದೋಚುವವರ ಬಗ್ಗೆ 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ಮನ್ ಕಿ ಬಾತ್‌ನಲ್ಲಿ ಎಚ್ಚರಿಸಬೇಕಾಯಿತು. ಸಹಾಯವಾಣಿ 1930 ನಂಬರನ್ನು ಅವ್ವ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾಳೆ. ಇಂಥ ಹೊತ್ತಿನಲ್ಲಿ, ನನ್ನ ಅನುಕೂಲಕ್ಕೆ ಆ ನಿಯಮಕ್ಕೆ ಒಂದು ವಿನಾಯಿತಿ ತೆರೆದರೆ, ಆ ವಿನಾಯಿತಿಯೊಳಗೆ ನಾಳೆ ಯಾರು ನುಗ್ಗುತ್ತಾರೋ? 'ನಾನು ನಿಮ್ಮ ಮಗನ ಗೆಳೆಯ' ಅನ್ನುವ ಒಂದು ಮಾತು ಸಾಕು.

ಇದನ್ನೆಲ್ಲ ಯೋಚಿಸುವಾಗ ನನಗೆ ಮುತ್ಯಾ ನೆನಪಾಗುತ್ತಾನೆ. ಬೀದರಿನವರಿಗೆ ಪ್ಲಾಟ್‌ಫಾರ್ಮ್ ಬದಲಾವಣೆ ಹೊಸದೇನಲ್ಲ ನೋಡ್ರಿ. ಮುತ್ಯಾ ಓದಿದ್ದು ನಿಜಾಮರ ಕಾಲದ ಉರ್ದು ಸಾಲಿಯಲ್ಲಿ. ಮನೆಮಾತು ಕನ್ನಡ, ಓದು ಬರಹ ಉರ್ದು. ಕಚೇರಿ, ಕೋರ್ಟು, ಕಾಗದಪತ್ರ ಎಲ್ಲ ಉರ್ದುವಿನಲ್ಲೇ. ಕೈಯಲ್ಲಿ ಆಡುತ್ತಿದ್ದ ದುಡ್ಡು ಹಾಲಿ ಸಿಕ್ಕಾ, ಅದರ ಏಳು ರೂಪಾಯಿಗೆ ಬ್ರಿಟಿಷ್ ಇಂಡಿಯಾದ ಆರು ರೂಪಾಯಿ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಬೀದರ್, ಭಾಲ್ಕಿ, ಔರಾದ ಎಲ್ಲ ಮೈಸೂರು ರಾಜ್ಯಕ್ಕೆ ಬಂದವು. ಹಳೆಯ ಜಿಲ್ಲೆಯಲ್ಲಿದ್ದ ಉದಗೀರ ಮರಾಠಿ ಕಡೆಗೆ, ಜಹೀರಾಬಾದ್ ತೆಲುಗು ಕಡೆಗೆ ಹೋದವು. ಬರಬರುತ್ತ ಕಚೇರಿ ಕನ್ನಡವಾಯಿತು.

ಅದು ಆಗಲೇಬೇಕಾಗಿದ್ದ ಬದಲಾವಣೆ. ಜನ ಆಡುವ ಭಾಷೆಯಲ್ಲೇ ಸರಕಾರ ನಡೆಯಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅಚ್ಚುಕಟ್ಟಾಗಿ ಉರ್ದು ಬರೆಯುತ್ತಿದ್ದ ಮುತ್ಯಾ, ಕನ್ನಡದ ನೋಟೀಸು ಮನೆಗೆ ಬಂದ ದಿನ ನಿರಕ್ಷರಿಯಾದ. ಸಾಲಿಗೆ ಹೋಗುತ್ತಿದ್ದ ನಮ್ಮಪ್ಪನನ್ನು ಕರೆದು, "ಓದಿ ಹೇಳಪಾ, ಏನಂತಾರ ಇದರಾಗ" ಅಂತ ಕೇಳುತ್ತಿದ್ದನಂತೆ. ನಮ್ಮ ಮನೆಯ ಮೊದಲ ಹೆಲ್ಪ್‌ಡೆಸ್ಕ್ ನಮ್ಮಪ್ಪ. ಹತ್ತು ವರ್ಷದ ಹುಡುಗ.

ಡೇಟಾ ಟ್ರಾನ್ಸ್‌ಫರ್ ಪೂರ್ತಿ ಆಯಿತೇ ಅಂದರೆ ಅದೂ ಇಲ್ಲ. ಭಾಲ್ಕಿ ಕಡೆಯ ನಮ್ಮ ಹೊಲದ ಹಳೆ ಸೇತ್ವಾರ್ ಕಾಗದ ಇನ್ನೂ ಟ್ರಂಕಿನಲ್ಲಿದೆ. ಉರ್ದುವಿನಲ್ಲಿದೆ. ರಾಜ್ಯದ ಸುಮಾರು 2 ಕೋಟಿ ಪಹಣಿಗಳು 'ಭೂಮಿ' ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿದವು. ಈಗ ಪಹಣಿ ಬೇಕಾದರೆ ಫೋನಿನಲ್ಲೇ ನೋಡುತ್ತೇನೆ. ಆದರೆ ಟ್ರಂಕಿನ ಆ ಒಂದು ಹಾಳೆಯಲ್ಲಿ ಏನಿದೆ ಅಂತ ತಿಳಿಯಲು ಹಳೆ ಊರಿನ ಒಬ್ಬ ನಿವೃತ್ತ ಮಾಸ್ತರರ ಹತ್ತಿರ ಹೋಗಬೇಕು. ಮೂರು ತಲೆಮಾರು ಒಂದೇ ಊರಲ್ಲಿದ್ದೂ ಮುತ್ಯಾನ ಕೈಬರಹ ಮೊಮ್ಮಗನಿಗೆ ಚಿತ್ರದಂತೆ ಕಾಣುತ್ತದೆ, ಅಕ್ಷರವಾಗಿ ಅಲ್ಲ.

ಇದರಿಂದ ನಾನು ತಿಳಿದುಕೊಂಡಿದ್ದು ಇಷ್ಟು. ಬದಲಾವಣೆ ಸರಿಯೋ ತಪ್ಪೋ ಅನ್ನುವುದು ಒಂದು ಪ್ರಶ್ನೆ. ಅದರ ಖರ್ಚು ಯಾರು ಹೊರುತ್ತಾರೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ 'ಸರಿ' ಅಂತ ಉತ್ತರ ಬಂದ ಕೂಡಲೇ ನಾವು ಎರಡನೆಯದನ್ನು ಕೇಳುವುದೇ ಬಿಡುತ್ತೇವೆ. ನಾಡಿನ ದೊಡ್ಡ ನಿರ್ಧಾರದಲ್ಲಿ ಖರ್ಚು ಹಂಚಿ ಹೋಗುತ್ತದೆ, ಅದು ತಪ್ಪಿಸಲಾಗದ್ದು ಅನ್ನಬಹುದು. ಒಬ್ಬನ ಜೇಬಿನ ನಿರ್ಧಾರಕ್ಕೆ ಆ ನೆಪ ಇಲ್ಲ.

ಹಾಗಂತ ಅವ್ವನ ಸಲುವಾಗಿ ನಾನು ಜೀವಮಾನವಿಡೀ ಒಂದೇ ಫೋನ್ ಹಿಡಿದು ಕೂರಬೇಕಾ? ಈ ಪ್ರಶ್ನೆಯೂ ನ್ಯಾಯವಾದದ್ದೇ. ಕರ್ತವ್ಯ ಅನ್ನುವುದು ಎಲ್ಲಾ ಆಸೆಯ ಬಾಯಿಗೂ ಬೀಗ ಹಾಕುತ್ತ ಹೋದರೆ ಕೊನೆಗೆ ಉಳಿಯುವುದು ಸಿಡಿಮಿಡಿ ಮಾತ್ರ. ಸಿಡಿಮಿಡಿಯಿಂದ ಮಾಡಿದ ಸೇವೆ ಅವ್ವಂದಿರಿಗೆ ಫೋನಿನಲ್ಲೇ ಗೊತ್ತಾಗಿಬಿಡುತ್ತದೆ. ಅವ್ವನನ್ನೇ ಕೇಳಿದರೆ, "ತಗೋ ತಮ್ಮಾ, ನಿನ್ನ ದುಡ್ಡು, ನಂದೇನದ" ಅನ್ನುತ್ತಾಳೆ. ಅವಳ ಒಪ್ಪಿಗೆ ಸುಲಭವಾಗಿ ಸಿಗುತ್ತದೆ ಅನ್ನುವ ಕಾರಣಕ್ಕೇ ಅದನ್ನು ಪರವಾನಗಿಯಂತೆ ಬಳಸಬಾರದು. ಇನ್ನು ಅವಳಿಗೂ ಐಫೋನ್ ಕೊಡಿಸಿದರೆ ಹೇಗೆ? ಆಸೆ ನನ್ನದು, ಅರವತ್ತಾರರ ವಯಸ್ಸಿನಲ್ಲಿ ಹೊಸದಾಗಿ ಕಲಿಯುವ ಕಷ್ಟ ಅವಳದು. ಅದು ಉಡುಗೊರೆ ಅಲ್ಲ, ನನ್ನ ಖರ್ಚನ್ನು ಚಂದದ ಡಬ್ಬಿಯಲ್ಲಿ ಹಾಕಿ ಅವಳಿಗೆ ದಾಟಿಸಿದ ಹಾಗೆ.

ನಮ್ಮ ಊರ ಕಡೆ ಜನ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಔರಾದ ಸಂತೆಯಲ್ಲಿ ಒಬ್ಬನೇ ವ್ಯಾಪಾರಿ ಒಬ್ಬರಿಗೆ ಮರಾಠಿಯಲ್ಲಿ ದರ ಹೇಳಿ, ಮುಂದಿನವರಿಗೆ ಕನ್ನಡದಲ್ಲಿ ಹೇಳಿ, ಉರ್ದುವಿನಲ್ಲಿ ಚೌಕಾಸಿ ಮುಗಿಸುತ್ತಾನೆ. ಹೊಸ ಭಾಷೆ ಕಲಿತವನು ಹಳೆಯದನ್ನು ಒಪ್ಪಿಸಿ ಬರಬೇಕಿಲ್ಲ. ಎದುರಿಗಿರುವವರ ಮಾತಿಗೆ ತಾನೇ ದಾಟಿ ಹೋಗುತ್ತಾನೆ, ಅವರನ್ನು ದಾಟಿಸುವುದಿಲ್ಲ.

ಹಾಗಾಗಿ ನಾನು ಹೀಗೆ ತೀರ್ಮಾನಿಸಿದ್ದೇನೆ. ಐಫೋನ್ ತಗೊಳ್ಳುತ್ತೇನೆ. ಆಸೆ ಇದೆ, ದುಡಿದ ದುಡ್ಡಿದೆ, ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಡುವುದಿಲ್ಲ. ಅದು ಚಾರ್ಜ್ ಆಗಿ, ಅಪ್‌ಡೇಟ್ ಆಗಿ ನನ್ನ ಮೇಜಿನ ಮೇಲೆ ಇರುತ್ತದೆ. ಅವ್ವನ ಕರೆ ಬಂದಾಗ ಕೈಗೆತ್ತಿಕೊಳ್ಳುವುದು ಅದನ್ನೇ. ಆಫೀಸಿನ ಬ್ಯಾಗಿನಲ್ಲೂ ಅದರ ಭಾರ ಇರುತ್ತದೆ, ಅವಳು ಆ ಫೋನ್ ಬಳಸುವಷ್ಟು ದಿನ.

ಅಂಗಡಿಯವನು ಎಕ್ಸ್‌ಚೇಂಜ್ ಬೋನಸ್ ಸೇರಿಸಿ ಒಂಬತ್ತು ಸಾವಿರ ಕಮ್ಮಿ ಮಾಡ್ತೀನಿ ಅಂದಿದ್ದಾನೆ. ಆ ಒಂಬತ್ತು ಸಾವಿರ ಈ ಬದಲಾವಣೆಯ ನಿಜವಾದ ಬೆಲೆ. ಅದನ್ನು ಕೊಡಬೇಕಾದವನು ನಾನು.